‘ದರುರತ್’ ಶಬ್ದವೂ ಇಂಡೊನೇಷಿಯದ ಮುಸ್ಲಿಂ ಸಂಘಗಳೂ: ಮಹಾವ್ಯಾಧಿಯ ಕಾಲದ ಒಂದು ಧರ್ಮವಿಚಾರ

೧. ವಿಷಯಪ್ರವೇಶ

ಆಪತ್ತು ಬಂದಾಗ ನಿತ್ಯಧರ್ಮಕ್ಕೆ ಎಲ್ಲಿಯವರೆಗೆ ಸಡಿಲಿಕೆಯುಂಟು? ಆ ಸಡಿಲಿಕೆಯನ್ನು ವಿಧಿಸತಕ್ಕವರು ಯಾರು? ಅವರು ವಿಧಿಸಿದುದನ್ನು ಜನರು ಏತಕ್ಕಾಗಿ ಒಪ್ಪಿ ನಡೆಯುವರು? ಈ ಮೂರು ಪ್ರಶ್ನೆಗಳು ಯಾವ ಒಂದು ಮತಕ್ಕೂ ಮೀಸಲಾದುವಲ್ಲ. ಭಾರತೀಯ ಸ್ಮೃತಿಕಾರರು ಇವನ್ನು ಆಪದ್ಧರ್ಮವೆಂಬ ಹೆಸರಿನಿಂದ ವಿಚಾರಮಾಡಿರುವರು. ಮಹಾಭಾರತದ ಶಾಂತಿಪರ್ವದಲ್ಲಿ ಇದಕ್ಕೆಂದೇ ಒಂದು ಉಪಪರ್ವವಿರುವುದು ವಿದ್ವಾಂಸರಿಗೆ ಸುವಿದಿತವೇ ಆಗಿದೆ. ಫಿಕ್ಹ್ ಎಂದು ಕರೆಯಲ್ಪಡುವ ಇಸ್ಲಾಮೀ ಧರ್ಮಶಾಸ್ತ್ರದಲ್ಲಿಯೂ ಇದೇ ವಿಚಾರವು ‘ದರೂರಾ’ ಎಂಬ ಪ್ರಕರಣದಲ್ಲಿ ವಿಸ್ತಾರವಾಗಿ ಚರ್ಚಿತವಾಗಿರುವುದು.

ಕ್ರಿ. ಶ. ೨೦೨೦ರಲ್ಲಿ ಕೋವಿಡ್-೧೯ ಎಂಬ ವ್ಯಾಧಿಯು ಲೋಕವನ್ನೆಲ್ಲ ವ್ಯಾಪಿಸಿದಾಗ ಈ ಪ್ರಶ್ನೆಗಳು ಗ್ರಂಥಗಳನ್ನು ಬಿಟ್ಟು ಬೀದಿಗೆ ಬಂದುವು. ಅವು ಸ್ಫುಟವಾಗಿ ಕಾಣಿಸಿಕೊಂಡ ದೇಶಗಳಲ್ಲಿ ಇಂಡೊನೇಷಿಯವು ಮುಖ್ಯವಾದುದು. ೨೦೨೦ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆಯು ಸುಮಾರು ೨೭ ಕೋಟಿ. ಅದರಲ್ಲಿ ನೂರಕ್ಕೆ ೮೭ರಷ್ಟು ಮುಸ್ಲಿಮರು. ಆದರೂ ಅದು ಇಸ್ಲಾಮೀ ರಾಜ್ಯವಲ್ಲ. ‘ಪಂಚಶೀಲ’ವೆಂಬ ಐದು ತತ್ತ್ವಗಳ ಮೇಲೆ ನಿಂತ ಗಣರಾಜ್ಯವು. ಅಲ್ಲಿ ವಿದ್ವಾಂಸರು ಕೊಡುವ ಫತ್ವಾ, ಎಂದರೆ ಧರ್ಮನಿರ್ಣಯವು, ರಾಜಶಾಸನವಾಗುವುದಿಲ್ಲ; ಅದನ್ನು ಮೀರಿದವನಿಗೆ ನ್ಯಾಯಸ್ಥಾನದಲ್ಲಿ ದಂಡವಿಲ್ಲ. ಹೀಗಿರಲಾಗಿ ಸರ್ಕಾರದ ಆಜ್ಞೆಗೂ ಧರ್ಮಸಂಘಗಳ ನಿರ್ಣಯಕ್ಕೂ ಆ ಕಾಲದಲ್ಲಿ ಏರ್ಪಟ್ಟ ಸಂಬಂಧವೆಂತಹದು ಎಂಬುದು ವಿಚಾರಯೋಗ್ಯವಾದುದು.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಪ್ರಚಾರದಲ್ಲಿರುವುವು. ಧರ್ಮಸಂಘಗಳು ಸರ್ಕಾರದ ಮಾತನ್ನೇ ಅರಬ್ಬೀ ಶಬ್ದಗಳಲ್ಲಿ ಪುನಃ ನುಡಿದ ಮುಖವಾಣಿಗಳು ಮಾತ್ರವೆಂಬುದು ಒಂದು. ಧರ್ಮವು ವೈದ್ಯಕ್ಕೆ ಅಡ್ಡವಾಗಿ ನಿಂತಿತೆಂಬುದು ಮತ್ತೊಂದು. ಎರಡಕ್ಕೂ ಸ್ವಲ್ಪ ಸ್ವಲ್ಪ ಆಧಾರವುಂಟು. ಆದರೆ ನಡೆದ ಸಂಗತಿಗಳನ್ನು ಕ್ರಮವಾಗಿ ನೋಡಿದರೆ ಎರಡೂ ನಿಲ್ಲುವುದಿಲ್ಲ. ಒಂದೇ ಶಬ್ದವನ್ನು ಸರ್ಕಾರವೂ ಸಂಘಗಳೂ ಪ್ರಯೋಗಿಸಿದುವು; ಆ ಶಬ್ದಕ್ಕೆ ಶಾಸ್ತ್ರದಲ್ಲಿ ಹೇಳಿರುವ ನಿಯಮಗಳನ್ನು ಸಂಘಗಳು ತಮಗೂ ಸರ್ಕಾರಕ್ಕೂ ಸಮಾನವಾಗಿ ಅನ್ವಯಿಸಿದುವು. ಅವುಗಳ ಮಾತಿಗೆ ಬೆಲೆ ಬಂದುದು ಇದರಿಂದಲೇ.

೨. ಶಬ್ದವಿಚಾರ

ಇಂಡೊನೇಷಿಯದ ಭಾಷೆಯು ಸಂಸ್ಕೃತಜ್ಞರಿಗೆ ಕುತೂಹಲವನ್ನುಂಟುಮಾಡತಕ್ಕುದು. ಅಲ್ಲಿ ಭಾಷೆಗೆ ‘ಬಹಾಸ’, ಮತಕ್ಕೆ ‘ಅಗಮ’, ಪಾಪಕ್ಕೆ ‘ದೋಸ’, ಪುಣ್ಯಫಲಕ್ಕೆ ‘ಪಹಲ’ ಎಂದು ಹೆಸರು. ರಂಜಾನಿನ ಉಪವಾಸಕ್ಕೆ ಅಲ್ಲಿಯ ಮುಸ್ಲಿಮರು ಸಾಮಾನ್ಯವಾಗಿ ಹೇಳುವ ‘ಪುವಾಸ’ ಎಂಬುದು ಸಂಸ್ಕೃತದ ‘ಉಪವಾಸ’ವೇ. ಭೂಕಂಪ ಪ್ರವಾಹಾದಿ ವಿಪತ್ತುಗಳಿಗೆ ‘ಬೆಂಚನ’ ಎನ್ನುವರು. ಇದು ‘ವಂಚನ’ ಶಬ್ದದ ತದ್ಭವವು. ಕೋವಿಡ್ ನಿವಾರಣೆಯ ಕಾರ್ಯಪಡೆಗೆ ೨೦೨೦ರ ಮಾರ್ಚಿಯಲ್ಲಿ ಮುಖ್ಯಸ್ಥರಾದ ದೋನಿ ಮೊನಾರ್ದೊ ಎಂಬವರು ‘ಬೆಂಚನ’ ನಿವಾರಣೆಯ ರಾಷ್ಟ್ರೀಯ ಇಲಾಖೆಯ ಅಧ್ಯಕ್ಷರಾಗಿದ್ದವರು. ಹೀಗೆ ನಿತ್ಯವ್ಯವಹಾರದ ಅನೇಕ ಪದಗಳು ಸಂಸ್ಕೃತದಿಂದ ಬಂದುವಾದರೆ, ಶಾಸ್ತ್ರನಿರ್ಣಯದ ಪದಗಳು ಪ್ರಾಯಶಃ ಅರಬ್ಬಿಯಿಂದ ಬಂದುವು. ಅವುಗಳಲ್ಲಿ ‘ದರುರತ್’ ಒಂದು.

ಅರಬ್ಬಿಯಲ್ಲಿ ‘ದರರ್’ ಎಂದರೆ ಹಾನಿ. ಹಾನಿಯು ಮೈಮೇಲೆ ಬಂದು ಮನುಷ್ಯನನ್ನು ಬೇರೆ ದಾರಿಯಿಲ್ಲದಂತೆ ಮಾಡುವ ಸ್ಥಿತಿಯು ‘ದರೂರಾ’. ಈ ಶಬ್ದವರ್ಗವು ಪಾರಸೀ ಉರ್ದು ಭಾಷೆಗಳ ಮೂಲಕ ಕನ್ನಡಕ್ಕೂ ಬಂದಿದೆ. ಕಚೇರಿಯ ಪತ್ರಗಳ ಮೇಲೆ ಕಾಣುವ ‘ಜರೂರು’ ಎಂಬುದು ಇದರ ಸೋದರಶಬ್ದವೇ. ಆದರೆ ಕನ್ನಡದಲ್ಲಿ ಅರ್ಥವು ಬಹಳ ತೆಳುವಾಗಿ, ಬೇಗನೆ ಆಗಬೇಕಾದುದು ಎಂಬಷ್ಟೇ ಉಳಿದಿರುವುದು. ಇಂಡೊನೇಷಿಯದಲ್ಲಿ ಹಾಗಾಗಲಿಲ್ಲ. ಆಸ್ಪತ್ರೆಯಲ್ಲಿ ಪ್ರಾಣಸಂಕಟದ ರೋಗಿಗಳನ್ನು ಸೇರಿಸಿಕೊಳ್ಳುವ ವಿಭಾಗದ ಹಲಗೆಯ ಮೇಲೆ ‘ದರುರತ್’ ಎಂದು ಬರೆದಿರುವುದು. ಬೆಂಕಿ ಬಿದ್ದಾಗ ಹೊರಗೆ ಓಡುವ ಬಾಗಿಲಿಗೆ ಅದೇ ಹೆಸರು. ರಾಜ್ಯವು ತುರ್ತುಪರಿಸ್ಥಿತಿಯನ್ನು ಸಾರಿದರೆ ಅದಕ್ಕೂ ಅದೇ ಹೆಸರು. ಮಸೀದಿಯಲ್ಲಿ ಕುಳಿತು ಫಿಕ್ಹ್ ಗ್ರಂಥವನ್ನು ಓದುವ ವಿದ್ಯಾರ್ಥಿಗೂ ಆ ಶಬ್ದವು ಪರಿಚಿತವಾದುದು. ಆದುದರಿಂದ ೨೦೨೦ರಲ್ಲಿ ಸರ್ಕಾರವು ಆ ಪದವನ್ನು ಉಚ್ಚರಿಸಿದಾಗ ಅದರೊಡನೆ ಶಾಸ್ತ್ರದ ಭಾರವೂ ಕೂಡಿ ಬಂದಿತು.

ಆ ಭಾರವೆಂದರೆ ನಿಯಮಗಳು. ಫಿಕ್ಹ್ ಗ್ರಂಥಕಾರರ ಮತದಂತೆ ದರೂರಾ ಸಿದ್ಧವಾಗಬೇಕಾದರೆ ಹಾನಿಯು ವಾಸ್ತವವಾಗಿರಬೇಕು, ಶಂಕಾಮಾತ್ರವಾಗಿರಬಾರದು. ಧರ್ಮ್ಯವಾದ ಬೇರೆ ಮಾರ್ಗವು ಇರಬಾರದು. ನಿಷಿದ್ಧವನ್ನು ಸೇವಿಸುವುದಾದರೂ ಆವಶ್ಯಕವಾದಷ್ಟನ್ನು ಮಾತ್ರ ಸೇವಿಸಬೇಕು. ಕಾರಣವು ತೀರಿದ ಕೂಡಲೆ ಅನುಜ್ಞೆಯೂ ತೀರಬೇಕು. ಸ್ಮೃತಿಗಳಲ್ಲಿ ಮುಖ್ಯಕಲ್ಪವು ಅಶಕ್ಯವಾದಾಗ ಅನುಕಲ್ಪವನ್ನು ಹೇಳಿ, ಆಪತ್ತು ಕಳೆದ ಮೇಲೂ ಅನುಕಲ್ಪದಲ್ಲಿಯೇ ಇರುವವನನ್ನು ನಿಂದಿಸಿರುವುದಕ್ಕೆ ಇದು ಸಮೀಪವಾದುದು. ಹಾನಿಯ ನಿವಾರಣವು ಲಾಭದ ಸಂಪಾದನಕ್ಕಿಂತ ಮೊದಲಾಗಬೇಕೆಂಬುದೂ, ಪ್ರಜೆಗಳ ವಿಷಯದಲ್ಲಿ ಆಳುವವನ ಕಾರ್ಯವು ಅವರ ಹಿತಕ್ಕೆ ಕಟ್ಟುಬಿದ್ದಿರಬೇಕೆಂಬುದೂ ಇದರೊಡನೆ ಬರುವ ಸೂತ್ರಗಳು. ಕೊನೆಯ ಸೂತ್ರವನ್ನು ಜ್ಞಾಪಕದಲ್ಲಿಡಬೇಕು. ಮುಂದೆ ಹೇಳುವ ವಿವಾದಕ್ಕೆ ಅದೇ ಬೀಜವು.

೩. ಸಂಘಗಳ ಸ್ವರೂಪ

ಇಲ್ಲಿ ಪ್ರಧಾನವಾಗಿ ವಿಚಾರಣೀಯವಾದ ಸಂಸ್ಥೆಗಳು ಮೂರು. ಮೊದಲನೆಯದು ಮುಹಮ್ಮದೀಯಾ. ಇದನ್ನು ಅಹ್ಮದ್ ದಹ್ಲಾನ್ ಎಂಬ ವಿದ್ವಾಂಸನು ೧೯೧೨ನೆಯ ಇಸವಿ ನವೆಂಬರ್ ೧೮ರಲ್ಲಿ ಯೋಗ್ಯಕರ್ತಾ ನಗರದಲ್ಲಿ ಸ್ಥಾಪಿಸಿದನು. ಅನಾಥನನ್ನು ನೂಕುವವನನ್ನೂ ದರಿದ್ರನಿಗೆ ಅನ್ನವಿಡಲು ಪ್ರೇರಿಸದವನನ್ನೂ ಖಂಡಿಸುವ, ಅಲ್ ಮಾಊನ್ ಎಂಬ ಕುರಾನಿನ ಅಧ್ಯಾಯವನ್ನೇ ಅವನು ಶಿಷ್ಯರಿಗೆ ದಿನದಿನವೂ ಪಾಠಹೇಳುತ್ತಿದ್ದನಂತೆ. ‘ಇದು ಬಾಯಿಗೆ ಬಂದಿದೆಯಲ್ಲ, ಮುಂದಕ್ಕೆ ಹೋಗಬಾರದೆ?’ ಎಂದು ಶಿಷ್ಯರು ಕೇಳಲು, ಬಾಯಿಗೆ ಬಂದುದು ಕೈಗೆ ಬಂದಿದೆಯೇ ಎಂಬರ್ಥದ ಮಾತನ್ನಾಡಿ ದರಿದ್ರರನ್ನು ಹುಡುಕಲು ಅವರನ್ನು ಕಳುಹಿಸಿದನೆಂದು ಸಂಪ್ರದಾಯವು ಹೇಳುತ್ತದೆ. ಪಾಠವು ಕೈಗೆ ಬಂದುದಕ್ಕೆ ಸಾಕ್ಷಿಯಾಗಿ ೧೯೨೩ರಲ್ಲಿ ಆ ಸಂಘದ ಮೊದಲನೆಯ ಚಿಕಿತ್ಸಾಲಯವು ಯೋಗ್ಯಕರ್ತದಲ್ಲಿ ಹುಟ್ಟಿತು. ಮಹಾವ್ಯಾಧಿಯು ಬರುವ ವೇಳೆಗೆ ಸಂಘದ ಆಸ್ಪತ್ರೆಗಳು ನೂರಕ್ಕೂ ಮಿಕ್ಕಿದ್ದುವು.

ಎರಡನೆಯದು ನಹ್ದತುಲ್ ಉಲಮಾ. ವಿದ್ವಾಂಸರ ಉತ್ಥಾನವೆಂದು ಇದರ ಅರ್ಥ. ೧೯೨೬ನೆಯ ಇಸವಿ ಜನವರಿ ೩೧ರಲ್ಲಿ ಸುರಬಯದಲ್ಲಿ ಹಾಷಿಮ್ ಅಷ್‌ಅರಿ ಮುಂತಾದ ಸಾಂಪ್ರದಾಯಿಕ ಪಂಡಿತರು ಇದನ್ನು ಕಟ್ಟಿದರು. ಇದರ ಬಲವಿರುವುದು ‘ಪೆಸಾಂತ್ರೆನ್’ ಎಂಬ ಗುರುಕುಲಗಳಲ್ಲಿ. ಅಲ್ಲಿ ‘ಕಿಯಾಯಿ’ ಎಂದು ಕರೆಯಲ್ಪಡುವ ಗುರುವಿನ ಮುಂದೆ ವಿದ್ಯಾರ್ಥಿಗಳು ಕುಳಿತು, ಹಳದಿ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಹಳದಿ ಪುಸ್ತಕಗಳೆಂದೇ ಹೆಸರು ಪಡೆದ ಅರಬ್ಬೀ ಗ್ರಂಥಗಳನ್ನು ಪದಪದವಾಗಿ ಓದುವರು. ಹೊಸ ಪ್ರಶ್ನೆಯೊಂದು ಬಂದರೆ ‘ಬಹ್ಸುಲ್ ಮಸಾಇಲ್’ ಎಂಬ ಸಭೆ ಕೂಡಿ ಗ್ರಂಥಗಳ ಆಧಾರದಿಂದ ವಾದಮಾಡಿ ನಿರ್ಣಯಿಸುವರು. ಸಂಸ್ಕೃತ ಪಾಠಶಾಲೆಗಳ ವಾಕ್ಯಾರ್ಥಸಭೆಯನ್ನು ಬಲ್ಲವರಿಗೆ ಇದರ ರೀತಿಯನ್ನು ವಿವರಿಸಬೇಕಾದುದಿಲ್ಲ.

ಮೂರನೆಯದು ೧೯೭೫ರ ಜುಲೈಯಲ್ಲಿ ಸ್ಥಾಪಿತವಾದ ಉಲಮಾಪರಿಷತ್ತು. ಮೇಲಿನ ಎರಡು ಸಂಘಗಳ ವಿದ್ವಾಂಸರೂ ಇತರರೂ ಇದರಲ್ಲಿ ಸೇರಿರುವರು. ದೇಶಕ್ಕೆಲ್ಲ ಅನ್ವಯಿಸುವ ಫತ್ವಾಗಳನ್ನು ಪ್ರಕಟಿಸತಕ್ಕುದು ಇದೇ.

ಸರ್ಕಾರದೊಡನೆ ಈ ಸಂಸ್ಥೆಗಳಿಗೆ ನಿಕಟಸಂಬಂಧವಿದ್ದುದು ನಿಜ. ೨೦೧೯ರಿಂದ ೨೦೨೪ರವರೆಗೆ ಉಪರಾಷ್ಟ್ರಾಧ್ಯಕ್ಷರಾಗಿದ್ದ ಮಆರೂಫ್ ಅಮೀನರು ಮೊದಲು ಉಲಮಾಪರಿಷತ್ತಿನ ಅಧ್ಯಕ್ಷರು. ಮುಹಮ್ಮದೀಯಾದ ಮುಹಾಜಿರ್ ಎಫೆಂದಿಯವರು ಮಂತ್ರಿಮಂಡಲದಲ್ಲಿದ್ದರು. ೨೦೨೦ರ ಡಿಸೆಂಬರಿನಲ್ಲಿ ಮತವಿಷಯಗಳ ಮಂತ್ರಿಯಾದ ಯಾಕುತ್ ಖೊಲಿಲ್ ಕೌಮಾಸ್ ನಹ್ದತುಲ್ ಉಲಮಾದವರು. ಮೊದಲನೆಯ ಪೂರ್ವಪಕ್ಷಕ್ಕೆ ಇಲ್ಲಿರುವುದೇ ಆಧಾರ.

೪. ೨೦೨೦ರ ಮಾರ್ಚಿ: ಬರಿದಾದ ಮಸೀದಿ

೨೦೨೦ರ ಫೆಬ್ರವರಿಯಲ್ಲಿ ನೆರೆಯ ದೇಶಗಳಲ್ಲಿ ರೋಗಿಗಳು ಕಂಡುಬಂದರೂ ಇಂಡೊನೇಷಿಯದಲ್ಲಿ ಒಬ್ಬರೂ ಇಲ್ಲವೆಂದು ಸರ್ಕಾರವು ಹೇಳುತ್ತಿದ್ದಿತು. ಆಗಿನ ಆರೋಗ್ಯಮಂತ್ರಿ ತೆರಾವನ್ ಆಗುಸ್ ಪುತ್ರಾಂತೊ ಸ್ವತಃ ಸೈನ್ಯದ ವೈದ್ಯರಾಗಿದ್ದರೂ ಇದನ್ನು ಪ್ರಾರ್ಥನೆಯ ಫಲವೆಂದು ಹೇಳಿದರು. ಮಾರ್ಚಿ ೨ರಲ್ಲಿ ಮೊದಲನೆಯ ರೋಗಿಗಳ ವಾರ್ತೆಯನ್ನು ರಾಷ್ಟ್ರಾಧ್ಯಕ್ಷ ಜೋಕೊ ವಿದೋದೊ ಅವರೇ ಪ್ರಕಟಿಸಿದರು. ಮೂರು ದಿನಗಳೊಳಗೆ ಮುಹಮ್ಮದೀಯಾವು ತನ್ನ ಆಸ್ಪತ್ರೆಗಳನ್ನೂ ಸ್ವಯಂಸೇವಕರನ್ನೂ ಒಂದು ಕೇಂದ್ರದ ಕೆಳಗೆ ತಂದಿತು. ನಹ್ದತುಲ್ ಉಲಮಾವೂ ಅದೇ ತಿಂಗಳಿನಲ್ಲಿ ತನ್ನ ಕಾರ್ಯಪಡೆಯನ್ನು ಏರ್ಪಡಿಸಿತು. ವೈದ್ಯರಾದ ಮಂತ್ರಿಗಳು ಪ್ರಾರ್ಥನೆಯನ್ನು ನೆನೆದ ಕಾಲದಲ್ಲಿ ಪ್ರಾರ್ಥನೆಯೇ ವೃತ್ತಿಯಾದವರು ವೈದ್ಯರನ್ನು ನೆನೆದುದು ಗಮನಾರ್ಹವಾದುದು.

ಮಾರ್ಚಿ ೧೫ರಲ್ಲಿ ರಾಷ್ಟ್ರಾಧ್ಯಕ್ಷರು ಕೆಲಸ, ಪಾಠ, ಪೂಜೆಗಳನ್ನು ಮನೆಯಲ್ಲಿಯೇ ನಡೆಸಬೇಕೆಂದು ವಿಜ್ಞಾಪಿಸಿದರು. ಅದು ವಿಜ್ಞಾಪನೆಯೇ ಹೊರತು ಶಾಸನವಲ್ಲ. ಜನಸಂಚಾರವನ್ನು ನಿರ್ಬಂಧಿಸುವ ಸರ್ಕಾರದ ನಿಯಮವು ಹೊರಟುದು ಮಾರ್ಚಿ ೩೧ರಲ್ಲಿ. ಈ ನಡುವಣ ಹದಿನೈದು ದಿನಗಳನ್ನು ತುಂಬಿದುದು ಮಾರ್ಚಿ ೧೬ರ ಉಲಮಾಪರಿಷತ್ತಿನ ೧೪ನೆಯ ಫತ್ವಾ. ರೋಗಿಯಾದವನು ಪ್ರತ್ಯೇಕವಾಗಿರಬೇಕು, ಶುಕ್ರವಾರದ ಸಾಮೂಹಿಕ ಪ್ರಾರ್ಥನೆಗೆ ಬದಲಾಗಿ ಮನೆಯಲ್ಲಿ ಮಧ್ಯಾಹ್ನದ ಪ್ರಾರ್ಥನೆಯನ್ನು ಮಾಡಬೇಕು. ರೋಗವು ಹತೋಟಿ ಮೀರಿದ ಪ್ರದೇಶದಲ್ಲಿ ಶುಕ್ರವಾರದ ಪ್ರಾರ್ಥನೆಯನ್ನೇ ನಡೆಸಕೂಡದು. ಹತೋಟಿಯಲ್ಲಿರುವ ಪ್ರದೇಶದಲ್ಲಿ ನಡೆಸಲೇಬೇಕು. ದಿನಸಿಯನ್ನೂ ಮಾಸ್ಕುಗಳನ್ನೂ ಬಾಚಿ ಕೂಡಿಡುವುದು ನಿಷಿದ್ಧ—ಇದು ಅದರ ಸಾರಾಂಶ. ಮಾರ್ಚಿ ೨೦ರ ಶುಕ್ರವಾರ ಜಕಾರ್ತದ ಇಸ್ತಿಕ್ಲಾಲ್ ಎಂಬ ರಾಷ್ಟ್ರೀಯ ಮಸೀದಿಯಲ್ಲಿ ಸಾಮೂಹಿಕ ಪ್ರಾರ್ಥನೆಯು ನಡೆಯಲಿಲ್ಲ.

ಈ ನಿರ್ಣಯಕ್ಕೆ ಪೂರ್ವಾಚಾರವು ಇಲ್ಲದಿರಲಿಲ್ಲ. ಮಾರಿಯಿರುವ ನಾಡಿಗೆ ಹೋಗಕೂಡದು, ಇರುವ ನಾಡಿನಿಂದ ಓಡಿಹೋಗಕೂಡದು ಎಂಬ ಅರ್ಥದ ಹದೀಸು ಪ್ರಸಿದ್ಧವಾದುದು. ಏಳನೆಯ ಶತಮಾನದಲ್ಲಿ ಸಿರಿಯಾ ದೇಶದಲ್ಲಿ ಮಾರಿ ಬಂದಾಗ ಖಲೀಫ ಉಮರನು ಸರ್ಗ್ ಎಂಬ ಸ್ಥಳದಿಂದ ಹಿಂದಿರುಗಿದನು. ದೈವೇಚ್ಛೆಯಿಂದ ತಪ್ಪಿಸಿಕೊಂಡು ಓಡುವೆಯಾ ಎಂಬ ಆಕ್ಷೇಪಕ್ಕೆ, ಹಿಂದಿರುಗುವುದೂ ದೈವೇಚ್ಛೆಯೊಳಗೇ ಸೇರಿರುವುದೆಂಬ ಅಭಿಪ್ರಾಯವನ್ನು ಹೇಳಿದನು. ಜಡಿಮಳೆಯ ದಿನ ಮನೆಯಲ್ಲಿಯೇ ಪ್ರಾರ್ಥಿಸಿರೆಂದು ಪ್ರಾರ್ಥನೆಯ ಕರೆಯಲ್ಲಿಯೇ ಸೇರಿಸಿ ಕೂಗಿಸಿದ ಸಂಗತಿಯೂ ಹದೀಸುಗಳಲ್ಲಿರುವುದು. ಕ್ರಿ. ಶ. ೧೪೪೯ರಲ್ಲಿ ತೀರಿಕೊಂಡ ಇಬ್ನ್ ಹಜರ್ ಅಸ್ಕಲಾನಿಯು ಮಾರಿಯನ್ನು ಕುರಿತೇ ಒಂದು ಗ್ರಂಥವನ್ನು ಬರೆದಿರುವನು. ಅವನ ಹೆಣ್ಣುಮಕ್ಕಳು ಆ ರೋಗದಿಂದಲೇ ಸತ್ತಿದ್ದರು. ಕೈರೋ ನಗರದಲ್ಲಿ ೧೪೩೦ರ ಸುಮಾರಿನಲ್ಲಿ ಜನರು ಒಟ್ಟಾಗಿ ಮರುಭೂಮಿಗೆ ಹೋಗಿ ಪ್ರಾರ್ಥಿಸುವ ಮೊದಲು ದಿನದ ಮರಣಗಳು ನಾಲ್ವತ್ತಕ್ಕೂ ಕಡಿಮೆಯಾಗಿದ್ದು, ಅನಂತರ ಒಂದು ತಿಂಗಳೊಳಗೆ ಸಾವಿರವನ್ನು ಮೀರಿದುವೆಂದು ಅವನು ಕಂಡು ಬರೆದನು. ಹೀಗೆ ಪ್ರತ್ಯಕ್ಷವನ್ನು ಲೆಕ್ಕಿಸಿ ಆಚಾರವನ್ನು ನಿರ್ಣಯಿಸುವುದು ಆ ಶಾಸ್ತ್ರಕ್ಕೆ ಹೊಸದಲ್ಲ.

ಮಾರ್ಚಿ ೨೪ರಲ್ಲಿ ಮುಹಮ್ಮದೀಯಾವು ವಿಸ್ತಾರವಾದ ಆಚಾರಪತ್ರವನ್ನು ಹೊರಡಿಸಿತು. ರಂಜಾನಿನ ರಾತ್ರಿಪ್ರಾರ್ಥನೆಯನ್ನು ಮನೆಯಲ್ಲಿ ಮಾಡತಕ್ಕುದು, ರೋಗಿಗಳ ಶುಶ್ರೂಷೆಯಲ್ಲಿರುವವರು ಉಪವಾಸವನ್ನು ಬಿಟ್ಟು ಮುಂದೆ ತೀರಿಸಬಹುದು ಎಂಬಿವು ಅದರಲ್ಲಿದ್ದುವು. ಎಲ್ಲಕ್ಕಿಂತ ಕಠಿನವಾದುದು ಶವಸಂಸ್ಕಾರದ ಪ್ರಶ್ನೆ. ಮೃತನ ದೇಹವನ್ನು ತೊಳೆದು ಬಟ್ಟೆ ಸುತ್ತಿ ಪ್ರಾರ್ಥಿಸಿ ಹೂಳುವುದು ಬದುಕಿರುವವರಿಗೆ ಋಣವಾಗಿರುವುದು. ತೊಳೆದರೆ ತೊಳೆಯುವವನಿಗೆ ಪ್ರಾಣಭಯ. ಮಾರ್ಚಿ ೨೭ರ ೧೮ನೆಯ ಫತ್ವಾ ಇದಕ್ಕೆ ಮೆಟ್ಟಿಲುಗಳನ್ನು ಹೇಳಿತು: ಸಾಧ್ಯವಾದರೆ ಬಟ್ಟೆಯನ್ನು ತೆಗೆಯದೆಯೇ ತೊಳೆಯುವುದು, ಆಗದಿದ್ದರೆ ಶುದ್ಧವಾದ ಧೂಳಿನಿಂದ ತಯಮ್ಮುಮ್ ಮಾಡುವುದು, ಅದೂ ಅಪಾಯಕರವೆಂದು ಬಲ್ಲವರು ಹೇಳಿದರೆ ದರೂರಾ ನಿಮಿತ್ತವಾಗಿ ಎರಡನ್ನೂ ಬಿಡುವುದು. ಅದೇ ಏಪ್ರಿಲಿನಲ್ಲಿ ಮಧ್ಯಜಾವಾ ಪ್ರಾಂತದ ಒಂದು ಕಡೆ, ಈ ರೋಗದಿಂದ ಸತ್ತ ಶುಶ್ರೂಷಕಿಯೊಬ್ಬಳನ್ನು ತಮ್ಮ ಊರಿನ ಸ್ಮಶಾನದಲ್ಲಿ ಹೂಳಗೊಡದೆ ಜನರು ತಡೆದರು. ಇಂತಹ ಭೀತಿಯ ನಡುವೆ, ಮಾರಿಯಿಂದ ಸತ್ತವನಿಗೆ ಪರಲೋಕದಲ್ಲಿ ಹುತಾತ್ಮನ ಪದವಿಯುಂಟೆಂಬ ಮಾತನ್ನು ವಿದ್ವಾಂಸರು ಪುನಃ ಪುನಃ ನೆನಪಿಸಬೇಕಾಯಿತು. ಹೆದರಿದವರ ಮನಸ್ಸನ್ನು ತಿರುಗಿಸುವ ಈ ಕಾರ್ಯವು ಕೇವಲ ಶಾಸನದಿಂದ ಆಗತಕ್ಕುದಲ್ಲ.

ಎಲ್ಲರೂ ಕೇಳಿದರೆಂದು ಹೇಳುವಂತಿಲ್ಲ. ಹಳ್ಳಿಗಳಲ್ಲಿ ಅನೇಕ ಮಸೀದಿಗಳು ತೆರೆದೇ ಇದ್ದುವು. ತಬ್ಲೀಗ್ ಜಮಾತಿನ ಸಮ್ಮೇಳನವೊಂದಕ್ಕೆ ದಕ್ಷಿಣ ಸುಲವೇಸಿಯ ಗೋವಾ ಎಂಬಲ್ಲಿ ಮಾರ್ಚಿ ಮಧ್ಯದಲ್ಲಿ ಸಾವಿರಾರು ಜನರು ಬಂದು ಸೇರಿದ ಮೇಲೆ ಅದನ್ನು ನಿಲ್ಲಿಸಬೇಕಾಯಿತು. ನಹ್ದತುಲ್ ಉಲಮಾದೊಳಗೂ ಪ್ರತಿಯೊಬ್ಬ ಕಿಯಾಯಿಯು ತನ್ನ ಗುರುಕುಲದಲ್ಲಿ ಸ್ವತಂತ್ರನಾದುದರಿಂದ ಕೇಂದ್ರದ ಮಾತು ಎಲ್ಲೆಡೆ ಒಂದೇ ಸಮನಾಗಿ ನಡೆಯಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು: ಈ ವ್ಯಾಧಿಯ ವರ್ಷಗಳಲ್ಲಿ ನೂರಾರು ಮಂದಿ ಕಿಯಾಯಿಗಳು ತೀರಿಕೊಂಡರು. ಗುರುಮುಖದಿಂದಲೇ ಗ್ರಂಥವು ಬರಬೇಕೆಂಬ ಸಂಪ್ರದಾಯದಲ್ಲಿ ಒಬ್ಬ ವೃದ್ಧಗುರುವು ಹೋದರೆ ಒಂದು ಪಾಠಪರಂಪರೆಯೇ ತುಂಡಾಗುವುದು. ಪುಸ್ತಕವು ಉಳಿದರೂ ಅದನ್ನು ಓದಿಸುವ ಬಾಯಿ ಉಳಿಯುವುದಿಲ್ಲ.

೫. ೨೦೨೦ರ ಸೆಪ್ಟೆಂಬರು: ಚುನಾವಣೆಯ ವಿವಾದ

ಮಸೀದಿಯನ್ನು ಬರಿದುಮಾಡಿದ ವಾದವೇ ಆರು ತಿಂಗಳ ಮೇಲೆ ಸರ್ಕಾರದ ಕಡೆಗೆ ತಿರುಗಿತು. ೨೭೦ ಪ್ರದೇಶಗಳ ಅಧಿಪತಿಗಳ ಚುನಾವಣೆಯು ೨೦೨೦ರ ಸೆಪ್ಟೆಂಬರ್ ೨೩ರಿಂದ ಡಿಸೆಂಬರ್ ೯ಕ್ಕೆ ಮುಂದೂಡಲ್ಪಟ್ಟಿದ್ದಿತು. ರೋಗವು ಇಳಿಯದಿದ್ದರೂ ಅಭ್ಯರ್ಥಿಗಳ ಹಿಂದೆ ಜನರು ಗುಂಪುಗೂಡಲಾರಂಭಿಸಿದರು. ಸೆಪ್ಟೆಂಬರ್ ೨೦ರಲ್ಲಿ ನಹ್ದತುಲ್ ಉಲಮಾವೂ ಮರುದಿನ ಮುಹಮ್ಮದೀಯಾವೂ ಚುನಾವಣೆಯನ್ನು ಇನ್ನೂ ಮುಂದೂಡಬೇಕೆಂದು ಬಹಿರಂಗವಾಗಿ ಕೇಳಿದುವು. ಪ್ರಾಣರಕ್ಷಣವು ಧರ್ಮದ ಮೂಲೋದ್ದೇಶಗಳಲ್ಲೊಂದು, ಚುನಾವಣೆಯ ಹಣವನ್ನು ರೋಗನಿವಾರಣಕ್ಕೆ ತಿರುಗಿಸತಕ್ಕುದು ಎಂಬುದು ನಹ್ದತುಲ್ ಉಲಮಾದ ವಾದವಾಗಿದ್ದಿತು. ಆಗ ಆ ಸಂಘಗಳ ಅಧ್ಯಕ್ಷರಾಗಿದ್ದವರು ಕ್ರಮವಾಗಿ ಸಯೀದ್ ಅಕೀಲ್ ಸಿರಾಜ್ ಮತ್ತು ಹೈದರ್ ನಾಶಿರ್.

ಸರ್ಕಾರವು ಒಪ್ಪಲಿಲ್ಲ, ಚುನಾವಣೆಯು ನಿಶ್ಚಿತದಿನದಲ್ಲಿಯೇ ನಡೆಯಿತು. ಅಭ್ಯರ್ಥಿಗಳಲ್ಲಿ ರಾಷ್ಟ್ರಾಧ್ಯಕ್ಷರ ಮಗನೂ ಅಳಿಯನೂ ಇದ್ದರು, ಇಬ್ಬರೂ ಗೆದ್ದರು. ಅದೇ ನವೆಂಬರಿನಲ್ಲಿ ವಿದೇಶದಿಂದ ಹಿಂದಿರುಗಿ ದೊಡ್ಡ ಗುಂಪುಗಳನ್ನು ಕೂಡಿಸಿದ ರಿಜೀಕ್ ಶಿಹಾಬ್ ಎಂಬ ವಿರೋಧಪಕ್ಷದ ಧರ್ಮೋಪದೇಶಕನ ಮೇಲೆ ಆರೋಗ್ಯನಿಯಮವನ್ನು ಮೀರಿದ ಅಪರಾಧವನ್ನು ಹೊರಿಸಿ ೨೦೨೧ರಲ್ಲಿ ಶಿಕ್ಷೆ ವಿಧಿಸಲಾಯಿತು. ಅವನ ಗುಂಪು ಅಪಾಯಕರವಾದುದರಲ್ಲಿ ಸಂಶಯವಿಲ್ಲ. ಆದರೆ ಒಂದು ಗುಂಪಿಗೆ ದಂಡ, ಮತ್ತೊಂದಕ್ಕೆ ಅನುಜ್ಞೆ ಎಂಬ ಭಾವವು ಜನರಲ್ಲಿ ಹುಟ್ಟಿತು. ಡಿಸೆಂಬರಿನಲ್ಲಿ ಬಡವರಿಗೆ ಹಂಚುವ ಆಹಾರಸಹಾಯದಲ್ಲಿ ಲಂಚ ತೆಗೆದುಕೊಂಡ ಆರೋಪದ ಮೇಲೆ ಸಮಾಜವಿಷಯಗಳ ಮಂತ್ರಿಯೇ ಸೆರೆಯಾದನು. ೨೦೨೧ರ ಆಗಸ್ಟಿನಲ್ಲಿ ಅವನಿಗೆ ೧೨ ವರ್ಷಗಳ ಶಿಕ್ಷೆಯಾಯಿತು.

ಸಂಘಗಳು ಮುಖವಾಣಿಗಳೆಂಬ ಪಕ್ಷವು ಇಲ್ಲಿ ನಿರಸ್ತವಾಗುತ್ತದೆ. ಹಾನಿನಿವಾರಣವು ಲಾಭಕ್ಕಿಂತ ಮೊದಲೆಂಬ ಸೂತ್ರದಿಂದ ದೇವರ ಮನೆಯನ್ನು ಮುಚ್ಚಬಹುದಾದರೆ ಮತಗಟ್ಟೆಯನ್ನು ಮುಂದೂಡಲಾಗದೆ ಎಂಬ ಪ್ರಶ್ನೆಗೆ ಸರ್ಕಾರದಲ್ಲಿ ಉತ್ತರವಿರಲಿಲ್ಲ. ವಾದವು ಸೋತಿತು, ಆದರೆ ಅದನ್ನು ಹೂಡಿದುದರಿಂದಲೇ ಮೊದಲು ತಾವು ಹೇಳಿದುದು ಸರ್ಕಾರದ ದಾಕ್ಷಿಣ್ಯದಿಂದಲ್ಲವೆಂಬುದನ್ನು ಸಂಘಗಳು ತೋರಿಸಿಕೊಟ್ಟುವು.

೬. ಲಸಿಕೆ: ‘ನಿಷಿದ್ಧ, ಆದರೂ ಅನುಜ್ಞಾತ’

ಧರ್ಮವು ವೈದ್ಯಕ್ಕೆ ಅಡ್ಡವಾಯಿತೆಂಬ ಎರಡನೆಯ ಪಕ್ಷಕ್ಕೆ ಆಧಾರವು ಲಸಿಕೆಯ ವಿಷಯದಲ್ಲಿ ದೊರೆಯುವುದು. ಅದರ ಪೂರ್ವಕಥೆಯನ್ನು ಮೊದಲು ತಿಳಿಯಬೇಕು. ದಡಾರ ಮತ್ತು ರುಬೆಲ್ಲಾ ರೋಗಗಳ ಲಸಿಕೆಯು ೨೦೧೭ರಲ್ಲಿ ಜಾವಾ ದ್ವೀಪದ ಮಕ್ಕಳಿಗೆ ಹಾಕಲ್ಪಟ್ಟು ಗುರಿಯನ್ನು ಮುಟ್ಟಿತು. ೨೦೧೮ರಲ್ಲಿ ಇತರ ದ್ವೀಪಗಳಲ್ಲಿ ಹಾಕುತ್ತಿರುವಾಗ, ಪುಣೆಯ ಸೀರಮ್ ಸಂಸ್ಥೆಯಲ್ಲಿ ತಯಾರಾದ ಆ ಲಸಿಕೆಯ ಸಿದ್ಧತೆಯಲ್ಲಿ ಹಂದಿಯಿಂದ ತೆಗೆದ ಪದಾರ್ಥದ ಉಪಯೋಗವಿರುವುದೆಂಬ ಕಾರಣದಿಂದ ಆಗಸ್ಟ್ ೨೦ರಲ್ಲಿ ಉಲಮಾಪರಿಷತ್ತು, ಇದು ನಿಷಿದ್ಧ, ಆದರೂ ದರೂರಾ ಇರುವುದರಿಂದ ಸದ್ಯಕ್ಕೆ ಅನುಜ್ಞಾತ, ಎಂದು ನಿರ್ಣಯಿಸಿತು. ಶಾಸ್ತ್ರದೃಷ್ಟಿಯಿಂದ ಈ ವಾಕ್ಯದಲ್ಲಿ ವಿರೋಧವಿಲ್ಲ. ನಿಷೇಧವು ವಸ್ತುವಿಗೆ, ಅನುಜ್ಞೆಯು ಅವಸ್ಥೆಗೆ. ಆದರೆ ತಾಯಂದಿರು ಕೇಳಿಸಿಕೊಂಡುದು ವಾಕ್ಯದ ಪೂರ್ವಾರ್ಧವನ್ನು ಮಾತ್ರ. ನೂರಕ್ಕೆ ೯೫ ಮಕ್ಕಳ ಗುರಿಗೆ ಬಹಳ ಕೆಳಗೆಯೇ ಆ ಕಾರ್ಯವು ನಿಂತಿತು. ಅಚೆ ಪ್ರಾಂತದಲ್ಲಿ ಅದು ಅತ್ಯಲ್ಪವಾಗಿದ್ದಿತು.

ಕೋವಿಡ್ ಲಸಿಕೆಯ ಕಾಲದಲ್ಲಿ ಸರ್ಕಾರವು ಈ ಅನುಭವವನ್ನು ಮರೆಯಲಿಲ್ಲ. ಚೀನಾ ದೇಶದ ಸಿನೋವ್ಯಾಕ್ ಲಸಿಕೆಯನ್ನು ಕೊಳ್ಳುವಾಗ ೨೦೨೦ರಲ್ಲಿಯೇ ಉಲಮಾಪರಿಷತ್ತಿನ ಪರೀಕ್ಷಕರನ್ನು ಆ ದೇಶಕ್ಕೆ ಕರೆದುಕೊಂಡು ಹೋಗಲಾಯಿತು. ೨೦೨೧ರ ಜನವರಿ ೧೧ರಲ್ಲಿ ಅದು ಶುದ್ಧವೂ ಹಲಾಲೂ ಎಂಬ ಫತ್ವಾ ಪ್ರಕಟವಾಯಿತು. ಔಷಧಪರೀಕ್ಷಾ ಇಲಾಖೆಯ ಅನುಮತಿಯೂ ಅದೇ ದಿನ ಬಂದಿತು. ಜನವರಿ ೧೩ರಲ್ಲಿ ರಾಷ್ಟ್ರಾಧ್ಯಕ್ಷರು ಎಲ್ಲರಿಗೂ ಮೊದಲು ಲಸಿಕೆ ಹಾಕಿಸಿಕೊಂಡರು. ಎರಡು ಪ್ರಮಾಣಗಳು ಒಂದೇ ದಿನ ಒದಗಿದುದು ಆಕಸ್ಮಿಕವಲ್ಲ. ಒಂದು ದೇಹಕ್ಕೆ, ಮತ್ತೊಂದು ಮನಸ್ಸಿಗೆ.

ಮಾರ್ಚಿಯಲ್ಲಿ ಅಸ್ತ್ರಜೆನೆಕ ಲಸಿಕೆಯು ಬಂದಾಗ ಪ್ರಶ್ನೆಯು ಪುನಃ ಎದ್ದಿತು. ಅದರ ಸಿದ್ಧತೆಯ ಒಂದು ಘಟ್ಟದಲ್ಲಿ ಹಂದಿಯ ಮೇದೋಜೀರಕದಿಂದ ತೆಗೆದ ಟ್ರಿಪ್ಸಿನ್ ಎಂಬ ದ್ರವ್ಯವು ಉಪಯುಕ್ತವಾಗಿರುವುದೆಂದು ಉಲಮಾಪರಿಷತ್ತು ಮಾರ್ಚಿ ೧೬ರ ಫತ್ವಾದಲ್ಲಿ ಹೇಳಿ, ಹಿಂದಿನಂತೆಯೇ, ನಿಷಿದ್ಧವಾದರೂ ಅನುಜ್ಞಾತವೆಂದು ನಿರ್ಣಯಿಸಿತು. ಸಿದ್ಧವಾದ ಲಸಿಕೆಯಲ್ಲಿ ಆ ದ್ರವ್ಯವಿಲ್ಲವೆಂದು ತಯಾರಕರು ಹೇಳಿದರು. ಈ ಸಲ ನಹ್ದತುಲ್ ಉಲಮಾದ ಪಂಡಿತರು ಬೇರೆ ಮಾರ್ಗವನ್ನು ಹಿಡಿದರು. ಅಶುದ್ಧವಸ್ತುವು ಸ್ವರೂಪವನ್ನೇ ಕಳೆದುಕೊಂಡು ಮತ್ತೊಂದಾದರೆ ಶುದ್ಧವಾಗುವುದೆಂಬ ‘ಇಸ್ತಿಹಾಲಾ’ ಎಂ��� ವಿಚಾರವೊಂದು ಫಿಕ್ಹಿನಲ್ಲುಂಟು. ಮದ್ಯವು ಹುಳಿತು ಸಿರ್ಕಾ ಆದರೆ ಸೇವ್ಯವಾಗುವುದು ಇದಕ್ಕೆ ರೂಢವಾದ ದೃಷ್ಟಾಂತ. ಹನಫೀ ಶಾಸ್ತ್ರಕಾರರು ಇದನ್ನು ವಿಶಾಲವಾಗಿಯೂ ಇಂಡೊನೇಷಿಯದಲ್ಲಿ ಪ್ರಚುರವಾದ ಶಾಫಿಈ ಮಾರ್ಗದವರು ಸಂಕುಚಿತವಾಗಿಯೂ ಅಂಗೀಕರಿಸುವರು. ಈ ವಿಚಾರವನ್ನು ಆಧರಿಸಿದವರ ಮತದಲ್ಲಿ ಲಸಿಕೆಯು ದರೂರಾದ ಆಶ್ರಯವಿಲ್ಲದೆಯೇ ಸೇವ್ಯವಾಯಿತು. ಪೂರ್ವಜಾವಾದ ಉಲಮಾಪರಿಷತ್ತಿನ ಶಾಖೆಯೂ ಕೇಂದ್ರದ ನಿರ್ಣಯವನ್ನು ಮೀರಿ ಅದನ್ನು ಹಲಾಲ್ ಎಂದಿತು.

ಫಲದಲ್ಲಿ ಎರಡು ನಿರ್ಣಯಗಳೂ ಒಂದೇ: ಲಸಿಕೆ ಹಾಕಿಸಿಕೊಳ್ಳಬಹುದು. ಆದರೆ ಕೇಳುವವನ ಚಿತ್ತದಲ್ಲಿ ಭೇದವು ಮಹತ್ತರವಾದುದು. ಒಂದರಲ್ಲಿ ಅವನು ಪಾಪದ ಅಂಚಿನಲ್ಲಿ ನಡೆದು ಪಾರಾಗುವನು. ಮತ್ತೊಂದರಲ್ಲಿ ನಿಃಶಂಕನಾಗಿ ನಡೆಯುವನು. ಹಿಂದೆ ಲಸಿಕೆಗೆ ಅಡ್ಡಿಯಾದುದು ಧರ್ಮವಲ್ಲ, ಜನರ ಕಿವಿಯನ್ನು ಲೆಕ್ಕಿಸದೆ ರಚಿತವಾದ ವಾಕ್ಯವು ಎಂದೇ ಹೇಳಬೇಕಾಗಿದೆ. ಬೋಧಕರಾದವರಿಗೆ ಈ ಸಂಗತಿಯು ವಿಶೇಷವಾಗಿ ಮನನೀಯವಾದುದು; ಶಾಸ್ತ್ರಶುದ್ಧವಾದ ವಾಕ್ಯವೆಲ್ಲ ಬೋಧಕ್ಷಮವಾದ ವಾಕ್ಯವಾಗುವುದಿಲ್ಲ.

೭. ೨೦೨೧ರ ಜುಲೈ: ಒಂದು ಪದದ ತಿದ್ದುಪಡಿ

೨೦೨೧ರ ಮಧ್ಯದಲ್ಲಿ ಡೆಲ್ಟಾ ಎಂಬ ರೂಪಾಂತರದಿಂದ ರೋಗವು ಉಗ್ರವಾಯಿತು. ಜುಲೈ ೧೫ರ ಒಂದೇ ದಿನ ೫೬,೭೫೭ ಹೊಸ ರೋಗಿಗಳೂ, ಜುಲೈ ೨೭ರಲ್ಲಿ ೨,೦೬೯ ಮರಣಗಳೂ ದಾಖಲಾದುವು. ಜುಲೈ ೩ರಿಂದ ಜಾವಾ ಮತ್ತು ಬಾಲಿ ದ್ವೀಪಗಳಲ್ಲಿ ಜಾರಿಗೆ ಬಂದ ನಿರ್ಬಂಧದ ಅಧಿಕೃತ ನಾಮಧೇಯದಲ್ಲಿಯೇ ‘ದರುರತ್’ ಎಂಬ ಪದವಿದ್ದಿತು. ಆ ಆಜ್ಞೆಯ ಮೊದಲನೆಯ ಪಾಠದಲ್ಲಿ ಪೂಜಾಸ್ಥಾನಗಳು ತಾತ್ಕಾಲಿಕವಾಗಿ ‘ಮುಚ್ಚಲ್ಪಡುವುವು’ ಎಂದಿದ್ದಿತು. ಆಕ್ಷೇಪಗಳು ಬಂದ ಮೇಲೆ ಕೆಲವೇ ದಿನಗಳಲ್ಲಿ ಪಾಠವು ತಿದ್ದಲ್ಪಟ್ಟು, ಪೂಜಾಸ್ಥಾನಗಳಲ್ಲಿ ಸಾಮೂಹಿಕ ಪ್ರಾರ್ಥನೆಯನ್ನು ನಡೆಸತಕ್ಕುದಲ್ಲ ಎಂದಾಯಿತು. ಆಚರಣೆಯಲ್ಲಿ ವ್ಯತ್ಯಾಸವು ಅತ್ಯಲ್ಪವಾದುದು, ಅರ್ಥದಲ್ಲಿ ಅಲ್ಪವಲ್ಲ. ಮುಚ್ಚಿದ ಮಸೀದಿಯಿಂದ ಕರೆಯು ಕೇಳಿಸದು. ಗುಂಪು ಸೇರದ ಮಸೀದಿಯಿಂದ ಪ್ರಾರ್ಥನೆಯ ಕರೆಯು ದಿನಕ್ಕೆ ಐದು ಸಲ ಕೇಳಿಸುತ್ತಲೇ ಇರುವುದು. ಆವಶ್ಯಕವಾದಷ್ಟೇ ಸಡಿಲಿಕೆ ಎಂಬ ದರೂರಾ ನಿಯಮಕ್ಕೆ ಎರಡನೆಯ ಪಾಠವು ಅನುಗುಣವಾದುದು. ಜುಲೈ ೨೦ರ ಬಕ್ರೀದಿನ ಪ್ರಾರ್ಥನೆಯನ್ನು ಮನೆಯಲ್ಲಿಯೇ ಮಾಡಿರೆಂದು ಸಂಘಗಳು ತಮ್ಮ ಅನುಯಾಯಿಗಳಿಗೆ ಹೇಳಿದುವು.

ಈ ಶಾಸ್ತ್ರದ ಕೊನೆಯ ನಿಯಮ, ಕಾರಣವು ತೀರಿದರೆ ಅನುಜ್ಞೆಯೂ ತೀರಬೇಕೆಂಬುದು, ೨೦೨೨ರಲ್ಲಿ ಅನುಷ್ಠಾನಕ್ಕೆ ಬಂದಿತು. ಅಂತರವಿಟ್ಟು ನಿಂತಿದ್ದ ಪ್ರಾರ್ಥನೆಯ ಸಾಲುಗಳು ಭುಜಕ್ಕೆ ಭುಜ ತಾಗುವಂತೆ ಪುನಃ ಕೂಡಿದುವು. ಆ ವರ್ಷದ ಡಿಸೆಂಬರ್ ೩೦ರಲ್ಲಿ ಸಂಚಾರನಿರ್ಬಂಧಗಳೂ, ೨೦೨೩ರ ಜೂನ್ ೨೧ರಲ್ಲಿ ಮಹಾವ್ಯಾಧಿಯ ಘೋಷಣೆಯೂ ಹಿಂದೆಗೆಯಲ್ಪಟ್ಟುವು. ಅಷ್ಟರಲ್ಲಿ ದಾಖಲಾದ ಮರಣಗಳೇ ೧ ಲಕ್ಷ ೬೦ ಸಾವಿರಕ್ಕೆ ಮಿಕ್ಕಿದ್ದುವು.

೮. ಸಿದ್ಧಾಂತ

ಮೇಲಣ ವಿಚಾರದಿಂದ ಫಲಿಸುವುದಿಷ್ಟು. ರಾಜಶಾಸನವು ಬಾಗಿಲಿಗೆ ಬೀಗವನ್ನು ಹಾಕಿಸಬಲ್ಲುದು. ಒಳಗೆ ಹೋಗದಿರುವುದೇ ಇಂದಿನ ಧರ್ಮವೆಂಬ ನಂಬಿಕೆಯನ್ನು ಹುಟ್ಟಿಸಲಾರದು. ಆ ನಂಬಿಕೆಯನ್ನು ಹುಟ್ಟಿಸುವ ಶಕ್ತಿಯು ಇಂಡೊನೇಷಿಯದ ಸಂಘಗಳಿಗೆ ಇದ್ದುದು ಅಧಿಕಾರದಿಂದಲ್ಲ. ಒಂದು ಶತಮಾನದಷ್ಟು ಕಾಲ ನಡೆಸಿದ ಪಾಠಶಾಲೆಗಳಿಂದಲೂ ಚಿಕಿತ್ಸಾಲಯಗಳಿಂದಲೂ ಬಂದುದು. ಅದು ಅಪರಿಮಿತವಾಗಿರಲಿಲ್ಲವೆಂಬುದನ್ನೂ ಕಂಡಿದ್ದಾಯಿತು: ಕಿಯಾಯಿಗಳೇ ಎಲ್ಲರೂ ಕೇಳಲಿಲ್ಲ, ಸರ್ಕಾರವು ಚುನಾವಣೆಯ ವಿಷಯದಲ್ಲಿ ಕಿವಿಗೊಡಲಿಲ್ಲ, ಸಂಘದ ಮಾತೇ ಕೆಲವೊಮ್ಮೆ ಅರ್ಧವಾಗಿ ಕೇಳಿಸಿತು.

ಆಪದ್ಧರ್ಮವೆಂಬುದು ಎರಡು ಬಾಯ ಕತ್ತಿ. ಆಪತ್ತೆಂದು ಹೇಳಿ ಪ್ರಜೆಗಳ ನಿತ್ಯಾಚಾರವನ್ನು ತಡೆಯುವವನು ಅದೇ ಆಪತ್ತಿನ ನಿಯಮಕ್ಕೆ ತಾನೂ ಒಳಪಡಬೇಕು. ಒಳಪಡದಿದ್ದರೆ ಶಬ್ದವು ಉಳಿಯುವುದು, ಅದರ ಪ್ರಾಮಾಣ್ಯವು ಹೋಗುವುದು. ಆಗ ‘ದರುರತ್’ ಎಂಬುದು ಕಚೇರಿಯ ಲಕೋಟೆಯ ಮೇಲಣ ‘ಜರೂರು’ ಎಂಬುದಕ್ಕಿಂತ ಹೆಚ್ಚಿನದಾಗಿರುವುದಿಲ್ಲ. ಇಂಡೊನೇಷಿಯದ ವಿದ್ವಾಂಸರು ಆ ಶಬ್ದದ ಪೂರ್ಣಾರ್ಥವನ್ನು ಮೂರು ವರ್ಷಗಳ ಸಂಕಟದಲ್ಲಿ, ಲೋಪಗಳಿದ್ದರೂ, ಕಾಪಾಡಲು ಯತ್ನಿಸಿದರು. ಮುಂದೆ ಯಾವ ದೇಶದಲ್ಲಿ ಇಂತಹ ಮಾರಿಯು ಬಂದರೂ, ಆಜ್ಞೆಯನ್ನು ಬರೆಯುವವರೂ ಅದನ್ನು ಜನಕ್ಕೆ ತಿಳಿಯಹೇಳುವವರೂ ಈ ನಿದರ್ಶನವನ್ನು ಪರಿಶೀಲಿಸುವುದು ಯುಕ್ತವಾಗಿರುವುದು.